ಲೀಟರಿಗೆ ಒಂಬತ್ತು ಗ್ರಾಂ

ಈ ಜೂನ್‌ನಲ್ಲಿ ನನ್ನ ಮೊಮ್ಮಗಳು ಶಾಲೆಗೆ ಹೋಗಲು ಶುರು ಮಾಡಿದಳು. ಪಾಟಿಚೀಲ ಅವಳ ಬೆನ್ನಿಗಿಂತ ದೊಡ್ಡದು, ನಡೆದರೆ ಮೊಣಕಾಲಿನ ಹಿಂದೆ ಬಡಿಯುತ್ತದೆ. ಬೆಳಿಗ್ಗೆ ಬಿಟ್ಟು ಬರುವುದು ನನ್ನ ಕೆಲಸ, ಮಧ್ಯಾಹ್ನ ಕರೆತರುವುದೂ ನನ್ನದೇ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, ಇವಳು ನೂರರ ತನಕ ಎಣಿಸುತ್ತಾಳೆ ಎಂದು ಹೇಳುತ್ತೇನೆ. ಎಂಬತ್ತೊಂಬತ್ತರ ಹತ್ತಿರ ಸ್ವಲ್ಪ ಎಡವುತ್ತಾಳೆ, ಅದನ್ನು ಹೇಳುವುದಿಲ್ಲ. ಮೊನ್ನೆ ಕಿರಾಣಿ ಅಂಗಡಿಯವನು, "ಕಾಕಾ, ಈ ವಾರದಾಗ ಇದು ನಾಕನೇ ಸಲ ಹೇಳಾಕತ್ತೀರಿ" ಎಂದ. ಐದನೆಯ ಸಲವೂ ಹೇಳುತ್ತೇನೆ. ಕೇಳುವುದು ಬಿಡುವುದು ಅವನಿಗೆ ಬಿಟ್ಟದ್ದು.

ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆದು ರೂಢಿಯಿಲ್ಲ, ಒತ್ತಕ್ಷರ ತಪ್ಪಿದರೆ ಓದುವವರು ತಿದ್ದಿಕೊಳ್ಳಬೇಕು. ಆದರೆ ಈಚೆಗೆ ಸಂತೋಷ ಎಷ್ಟು ತುಂಬಿ ಬರುತ್ತದೆಂದರೆ, ಅದರ ಜೊತೆ ತಳದಲ್ಲಿ ಕೂತಿದ್ದ ಇನ್ನೊಂದೂ ಮೇಲೆ ಬರುತ್ತದೆ. ಈ ಹುಡುಗಿ ಒಂದು ವರ್ಷದವಳಿದ್ದಾಗ, ಅವಳ ಜೀವ ಹೋಗುವ ಹೊತ್ತಿನಲ್ಲಿ, ಅವಳಿಗೆ ಒಂದು ಪಾತ್ರೆ ಉಪ್ಪು ಸಕ್ಕರೆಯ ನೀರು ಕಲಸಿಕೊಡಲು ನನ್ನನ್ನು ಬಿಡಲಿಲ್ಲ. ಅಂಥ ನೀರು ಕಲಸುವುದೇ ಒಂದು ಕಾಲಕ್ಕೆ ನನ್ನ ಹೊಟ್ಟೆಪಾಡಾಗಿತ್ತು. ಬಿಡದವಳು ನನ್ನ ಮಗಳು. ಅದು ಹೇಗಾಯಿತು ಎಂಬುದನ್ನು ಮೊದಲಿನಿಂದ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ನಾವು ಬೆಳಗಾವಿಯಲ್ಲಿದ್ದೆವು, ಹಿಂದವಾಡಿಯ ಒಂದು ಚಾಳಿನಲ್ಲಿ, ಒಂದೇ ಕೋಣೆಯಲ್ಲಿ. ನಾನು, ನನ್ನ ಹೆಂಡತಿ, ಒಬ್ಬಳೇ ಮಗಳು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ಕೆಲಸ. ಆಸ್ಪತ್ರೆಯ ಹೆಸರು ಬೇಡ, ಈಗ ಅದು ಮುಚ್ಚಿಯೂ ಹೋಗಿದೆ. ಮೊದಲು ನೆಲ ಒರೆಸುತ್ತಿದ್ದೆ, ಆಮೇಲೆ ಹಿಂದಿನ ಸಲಾಯಿನ್ ಕೋಣೆಗೆ ಹಾಕಿದರು. ಈಗಿನ ಹಾಗೆ ಆಗ ಸಲಾಯಿನ್ ಬಾಟಲಿ ಎಲ್ಲವೂ ಕಂಪನಿಯಿಂದ ಬರುತ್ತಿರಲಿಲ್ಲ. ನಮ್ಮಂಥ ಆಸ್ಪತ್ರೆಗಳು ತಮಗೆ ಬೇಕಾದದ್ದನ್ನು ತಾವೇ ಮಾಡಿಕೊಳ್ಳುತ್ತಿದ್ದವು. ವಾಂತಿ ಭೇದಿಯಿಂದ ಒಣಗಿ ಬಂದವರ ರಕ್ತನಾಳಕ್ಕೆ ಹೋಗುವ ನೀರು ಆ ಕೋಣೆಯಲ್ಲಿ, ನಮ್ಮ ಕೈಯಲ್ಲಿ ತಯಾರಾಗುತ್ತಿತ್ತು.

ಆ ಕೋಣೆಯನ್ನು ನೆನೆದರೆ ಈಗಲೂ ಮುಖಕ್ಕೆ ಹಬೆ ಬಡಿದಂತಾಗುತ್ತದೆ. ಮೂಲೆಯಲ್ಲಿ ತಾಮ್ರದ ಹಂಡೆಯಂಥ ಯಂತ್ರ. ಅದರಲ್ಲಿ ನೀರು ಕುದಿದು ಹಬೆಯಾಗಿ, ಗಾಜಿನ ಕೊಳವೆಯಲ್ಲಿ ತಣ್ಣಗಾಗಿ, ಮತ್ತೆ ನೀರಾಗಿ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಆ ನೀರಿಗೆ ರುಚಿಯೇ ಇರುವುದಿಲ್ಲ. ಅದಕ್ಕೆ ತೂಗಿದ ಉಪ್ಪು ಹಾಕಬೇಕು, ಸೋಸಬೇಕು, ಗಾಜಿನ ಬಾಟಲಿಗೆ ತುಂಬಿ ರಬ್ಬರಿನ ಬೂಚು ಹಾಕಿ ಕಟ್ಟಬೇಕು, ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿಟ್ಟು ಹಬೆಯ ಒತ್ತಡದಲ್ಲಿ ಬೇಯಿಸಬೇಕು. ಕೊನೆಗೆ ಒಂದೊಂದೇ ಬಾಟಲಿಯನ್ನು ಕರಿ ಬಟ್ಟೆಯ ಮುಂದೆ ಬೆಳಕಿಗೆ ಹಿಡಿದು, ಒಳಗೆ ಕಸ ತೇಲುತ್ತದೆಯೇ ಎಂದು ನೋಡಬೇಕು. ಕೂದಲಿನೆಳೆಯಷ್ಟು ಕಂಡರೂ ಆ ಬಾಟಲಿ ಹೋಯಿತು.

ಇದನ್ನೆಲ್ಲ ನನಗೆ ಕಲಿಸಿದವನು ಅಲ್ಲಿಯ ಕಂಪೌಂಡರ್. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವ. ಅಣ್ಣಾ ಎಂದೇ ಕರೆಯುತ್ತಿದ್ದೆ. ಮಧ್ಯಾಹ್ನ ಅವನ ಡಬ್ಬಿಯ ಚಪಾತಿ ನನಗೆ, ನನ್ನ ಡಬ್ಬಿಯ ರೊಟ್ಟಿ ಅವನಿಗೆ. ನನ್ನ ಮಗಳು ಅವನನ್ನು ಕಾಕಾ ಎನ್ನುತ್ತಿದ್ದಳು. ಚಾಳಿಗೆ ಬಂದರೆ ಅವನ ಅಂಗಿಯ ಕಿಸೆಗೆ ನೇರ ಕೈ ಹಾಕುತ್ತಿದ್ದಳು, ಪೆಪ್ಪರ್‌ಮಿಂಟ್ ಇದೆಯೇ ಎಂದು.

ಲೀಟರಿಗೆ ಒಂಬತ್ತು ಗ್ರಾಂ ಉಪ್ಪು. ಎಂಟಲ್ಲ, ಹತ್ತಲ್ಲ. ಯಾಕೆ ಅಷ್ಟೇ ಎಂದು ಒಮ್ಮೆ ಕೇಳಿದೆ. ಅವನು ಎರಡು ಗಾಜಿನ ಲೋಟ ತಂದಿಟ್ಟು, ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಗಟ್ಟಿ ಉಪ್ಪುನೀರು ಹಾಕಿದ. ಬರಿ ನೀರಿಗೆ ಮನೂಕಿ, ಅಂದರೆ ಒಣದ್ರಾಕ್ಷಿ ಹಾಕಿದ, ಉಪ್ಪುನೀರಿಗೆ ಹಸಿ ದ್ರಾಕ್ಷಿ. ಸಂಜೆ ನೋಡಿದರೆ ಮನೂಕಿ ಉಬ್ಬಿ ಗುಂಡಗಾಗಿತ್ತು, ದ್ರಾಕ್ಷಿ ಬಾಡಿ ಸುಕ್ಕಾಗಿತ್ತು. "ರಕ್ತದಾಗಿನ ಕಣಾನೂ ಹಿಂಗ. ಉಪ್ಪು ಕಡಿಮಿ ಆದ್ರ ಉಬ್ಬಿ ಒಡೀತಾವು, ಹೆಚ್ಚಾದ್ರ ಮುರುಟತಾವು. ಒಂಬತ್ತು ಇದ್ರ ಅವುಕ್ಕ ತಮ್ಮ ಮನ್ಯಾಗ ಇದ್ದಂಗ" ಎಂದ. ಮೂರನೆಯ ಇಯತ್ತೆ ಕಲಿತವನಿಗೆ ಇಷ್ಟು ಚೆಂದಾಗಿ ಯಾರು ಹೇಳುತ್ತಾರೆ? ಆ ದಿನ ಅವನ ಮೇಲೆ ನನಗೆ ಹುಟ್ಟಿದ ಭಕ್ತಿ ನನ್ನ ತಂದೆಯ ಮೇಲೂ ಹುಟ್ಟಿರಲಿಲ್ಲ.

ತೂಗುವ ಕೆಲಸ ಕಂಪೌಂಡರನದು, ನನ್ನದಲ್ಲ. ಹಾಗೆಂದು ನಿಯಮ. ಆದರೆ ವರ್ಷ ಕಳೆದಂತೆ ಅವನು ತಕ್ಕಡಿಯನ್ನು ನನಗೇ ಕೊಟ್ಟ. ಹಿತ್ತಾಳೆಯ ಸಣ್ಣ ತೂಕದ ಬಟ್ಟುಗಳನ್ನು ಬೆರಳಿನಿಂದ ಮುಟ್ಟಬಾರದು, ಬೆವರು ಅಂಟಿದರೆ ತೂಕ ಬದಲಾಗುತ್ತದೆ, ಚಿಮಟದಿಂದಲೇ ಎತ್ತಬೇಕು. ಉಸಿರು ಬಿಗಿ ಹಿಡಿದು ಮುಳ್ಳು ನಿಲ್ಲುವ ತನಕ ಕಾಯುತ್ತಿದ್ದೆ. ಅವನು ಪೇಪರ್ ಓದುತ್ತ, ನೋಡದೆಯೇ ಪುಸ್ತಕದಲ್ಲಿ ತನ್ನ ಸಹಿ ಹಾಕುತ್ತಿದ್ದ. ನನ್ನ ಕೈ ತಕ್ಕಡಿಗಿಂತ ಸರಿ ಎಂದು ಎಲ್ಲರೆದುರು ಹೊಗಳುತ್ತಿದ್ದ. ನನಗೆ ಅದು ಬಿರುದಾಗಿತ್ತು. ಅವನು ಮೈಗಳ್ಳತನಕ್ಕೆ ಹಾಗೆನ್ನುತ್ತಾನೆ ಎಂದು ಹೆಂಡತಿ ಒಮ್ಮೆ ಅಂದಾಗ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಇನ್ನೊಂದು ನಿಯಮವಿತ್ತು. ಭಟ್ಟಿ ಇಳಿದ ನೀರನ್ನು ಅಂದೇ, ಕೆಲವೇ ತಾಸಿನೊಳಗೆ ಉಪ್ಪು ಬೆರೆಸಿ ಬಾಟಲಿ ಮಾಡಿ ಬೇಯಿಸಬೇಕು. ಉಳಿದರೆ ಚೆಲ್ಲಬೇಕು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅದನ್ನು ಬರೆದಿದ್ದರು. ಓದಲು ಬರದಿದ್ದರೂ ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಮಳೆಗಾಲದ ಒಂದು ಬುಧವಾರ ಇಪ್ಪತ್ತು ಲೀಟರ್ ನೀರು ಇಳಿದಿತ್ತು. ಮಧ್ಯಾಹ್ನ ಕಂಪೌಂಡರ್ ಚೀಲ ಹೆಗಲಿಗೆ ಹಾಕಿಕೊಂಡ. ಖಾನಾಪುರದಲ್ಲಿ ಅವನ ಹೆಂಡತಿಯ ತಮ್ಮನ ಮನೆಯ ವಾಸ್ತುಶಾಂತಿ, ರೈಲು ಹಿಡಿಯಬೇಕು. ಹಾಗಾದರೆ ನೀರು ಚೆಲ್ಲಿಬಿಡಲೇ ಎಂದು ಕೇಳಿದೆ. ಅವನು ನಕ್ಕ. "ಕುದ್ದ ನೀರಿಗೆ ಏನಾಗ್ತೈತೋ ತಮ್ಮಾ? ಬಾಯಿ ಬಿಗಿದು ಇಡು. ನಾಳೆ ಮುಂಜಾನೆ ಉಪ್ಪು ತೂಗಿ ನೀನ ಮುಗಿಸಿಬಿಡು, ನಾಳಿನ ತಾರೀಖ ಹಾಕು. ನಾ ಬಂದು ಸಹಿ ಮಾಡ್ತೀನಿ." ನಮ್ಮ ಮನೆಗಳಲ್ಲಿ ಕುದಿಸಿ ಆರಿಸಿದ ನೀರನ್ನು ಎರಡು ದಿನ ಇಟ್ಟು ಕುಡಿಯುವುದು ರೂಢಿಯೇ. ಅದಕ್ಕೆ ನನಗೂ ಅನುಮಾನ ಬರಲಿಲ್ಲ. ಗುರುವಾರ ನೂರಾ ಎಂಬತ್ತು ಗ್ರಾಂ ಉಪ್ಪು ತೂಗಿದೆ. ಒಂದು ಸಲವಲ್ಲ, ಎರಡು ಸಲ. ಬಾಟಲಿಗೆ ಚೀಟಿ ಅಂಟಿಸಿ ತಾರೀಖು ಬರೆದೆ. ಅಂಕಿ ಬರೆಯಲು ನನಗೆ ಬರುತ್ತಿತ್ತು.

ಶುಕ್ರವಾರ ಆ ಬಾಟಲಿ ಹಚ್ಚಿದ ಮೂವರಿಗೆ ಅರ್ಧ ತಾಸಿನಲ್ಲಿ ಥಂಡಿ ಹತ್ತಿತು. ಮಂಚ ಗಡಗಡ ಅಲ್ಲಾಡುವಷ್ಟು ನಡುಕ, ಮೇಲೆ ಸುಡುವ ಜ್ವರ. ಕಂಬಳಿಯ ಮೇಲೆ ಕಂಬಳಿ ಹೊದಿಸಿದರು. ದೇವರು ದೊಡ್ಡವನು, ಮೂವರೂ ಬದುಕಿದರು. ಅಷ್ಟರಲ್ಲಿ, ಅಂದೇ ಮುಂಜಾನೆ ಖಾನಾಪುರದಿಂದ ತಿರುಗಿ ಬಂದಿದ್ದ ಕಂಪೌಂಡರ್ ಕೋಣೆಗೆ ಓಡಿ ಬಂದು, ಉಳಿದ ಬಾಟಲಿಗಳನ್ನೆಲ್ಲ ಬೂಚು ತೆಗೆದು ಮೋರಿಗೆ ಸುರಿ, ಒಂದನ್ನೂ ಉಳಿಸಬೇಡ, ಇನ್ನೊಬ್ಬರಿಗೆ ಹಚ್ಚಿಬಿಟ್ಟಾರು ಎಂದ. ಒಳ್ಳೆಯ ಮಾತು ಎಂದೇ ತಿಳಿದೆ. ಒಂದೊಂದನ್ನೇ ಸುರಿದೆ. ಅದರಲ್ಲಿ ಒಂದೇ ಒಂದು ಬಾಟಲಿ ಉಳಿದಿದ್ದರೆ ಉಪ್ಪಿನ ಪ್ರಮಾಣ ಪರೀಕ್ಷೆ ಮಾಡಿ ಹೇಳಬಹುದಿತ್ತು. ನನ್ನ ಸಾಕ್ಷಿಯನ್ನು ನಾನೇ ಮೋರಿಗೆ ಹಾಕುತ್ತಿದ್ದೇನೆಂದು ನನಗೇನು ಗೊತ್ತು.

ಮಧ್ಯಾಹ್ನ ಡಾಕ್ಟರ್ ಬಂದರು. ನೀರು ಅಂದಿನದೋ ಹಿಂದಿನ ದಿನದ್ದೋ ಎಂಬುದು ಅವರು ಕೇಳಿದ ಮೊದಲ ಪ್ರಶ್ನೆ. ಅಂದಿನದೇ ಸರ್ ಎಂದು ಕಂಪೌಂಡರ್ ಹೇಳಿದ. ನಾನು ಅಲ್ಲೇ, ಅವನ ಮಗ್ಗುಲಿಗೇ ನಿಂತಿದ್ದೆ. ಅಣ್ಣ ಸಿಕ್ಕಿಬೀಳುತ್ತಾನಲ್ಲ ಎಂದು ಅವನ ಸಲುವಾಗಿ ಸುಮ್ಮನಿದ್ದೆ. ನನ್ನ ಜನ್ಮದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ತಕ್ಕಡಿಯಲ್ಲಿ ನಾನು ಯಾವತ್ತೂ ತಪ್ಪಲಿಲ್ಲ, ತಪ್ಪಿದ್ದು ಅಲ್ಲಿ.

ಸಂಜೆ ಅವನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಕಾಗದ ತಂದ. ಬಾಟಲಿಗಳನ್ನು ಸುರಿದು ಹಾಕಿದ್ದೇವೆ ಎಂದು ಆಫೀಸಿಗೆ ಬರೆದುಕೊಡಬೇಕಂತೆ. "ಸಹಿ ಮಾಡು, ನಾ ಅದೀನಲ್ಲ" ಎಂದ. ಮಾಡಿದೆ. ಸೋಮವಾರ ಆಡಳಿತ ನೋಡುವ ಸಾಹೇಬರು ಅದನ್ನು ನನಗೆ ಓದಿ ಹೇಳಿದರು. ಕಂಪೌಂಡರ್ ಬೇಡವೆಂದರೂ ಕೇಳದೆ ನಾನೇ ಉಪ್ಪು ತೂಗಿದೆನೆಂದೂ ತೂಕ ತಪ್ಪಿ ಹೆಚ್ಚಿಗೆ ಹಾಕಿದೆನೆಂದೂ ಅದರಲ್ಲಿ ಇತ್ತು. ಕೆಳಗೆ ನನ್ನ ಸಹಿ, ಪೂರ್ತಿ ಹೆಸರು, ಕನ್ನಡದಲ್ಲಿ. ಕಂಪೌಂಡರ್ ಕಿಟಕಿಯ ಕಡೆ ನೋಡುತ್ತಿದ್ದ. ಒಮ್ಮೆ ಇತ್ತ ನೋಡಿದ್ದರೆ ನಾನು ಏನಾದರೂ ಅನ್ನುತ್ತಿದ್ದೆನೋ ಏನೋ. ನೋಡಲೇ ಇಲ್ಲ. ಕೆಲಸ ಹೋಯಿತು.

ಹೆಂಡತಿಯ ತವರು ಖಾನಾಪುರ. ಅಲ್ಲಿಗೇ ಹೋದೆವು. ಹಂಚಿನ ಭಟ್ಟಿಯೊಂದರಲ್ಲಿ ಮಣ್ಣು ಕಲಸುವ ಕೆಲಸ ಸಿಕ್ಕಿತು. ಮಣ್ಣಿಗೂ ನೀರಿನ ಅಳತೆ ಉಂಟು, ಅದು ಕೈಗೆ ಬೇಗ ಹತ್ತಿತು. ಬೆಳಗಾವಿಯದು ಬೆಳಗಾವಿಯಲ್ಲೇ ಉಳಿಯಿತು ಎಂದುಕೊಂಡಿದ್ದೆ. ಆದರೆ ಕಂಪೌಂಡರನ ಹೆಂಡತಿಯ ತಮ್ಮ ಅದೇ ಊರಿನವ, ವಾಸ್ತುಶಾಂತಿ ಮಾಡಿದವ. ಚಹಾದ ಅಂಗಡಿಯಲ್ಲಿ ಅವನು ಹೇಳಿದ ಕಥೆ ನನಗಿಂತ ಮೊದಲೇ ಊರಲ್ಲಿ ಸುತ್ತು ಹಾಕಿತ್ತು. ಕಥೆಯಲ್ಲಿ ಮೂವರು ಐವರಾಗಿದ್ದರು, ಒಬ್ಬರು ಸತ್ತೂ ಹೋಗಿದ್ದರು.

ನಮ್ಮ ಓಣಿಯಲ್ಲಿ ಮದುವೆಯ ಅಡುಗೆ ಗಂಡಸರೇ ಮಾಡುವುದು. ದೊಡ್ಡ ಹಂಡೆಯ ಸಾರಿಗೆ ಉಪ್ಪು ಹಾಕುವುದು ಹಿರಿಯರೊಬ್ಬರ ಕೈಯಿಂದ, ಅದೊಂದು ಗೌರವ. ಮೊದಲ ಮದುವೆಯಲ್ಲಿ ಯಾರೋ ಉಪ್ಪಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ಹಿಂದಿನಿಂದ ಒಬ್ಬ, "ಏ, ಅವರ ಕೈಯಾಗ ಕೊಡಬ್ಯಾಡ್ರೋ, ಬೀಗರು ಊಟಕ್ಕ ಬಂದಾರ, ಥಂಡಿ ಹತ್ತೀತು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ನನಗೆ ಬದನೆಕಾಯಿ ಹೆಚ್ಚುವುದು, ನೀರು ಸೇದುವುದು. ಹತ್ತು ವರ್ಷ ಹಾಗೇ ನಡೆಯಿತು. ಮೊದಲ ವರ್ಷ ಕಂಡವರಿಗೆಲ್ಲ ವಿವರಿಸಿದೆ. ನನ್ನ ವಿವರ ಉದ್ದ, ಅವರ ನಗೆ ಚಿಕ್ಕದು. ಚಿಕ್ಕದ್ದೇ ಗೆಲ್ಲುತ್ತದೆ. ಆಮೇಲೆ ಬಿಟ್ಟೆ.

ನಿಜ ಕಾರಣವೂ ನನಗೆ ಖಾನಾಪುರದಲ್ಲೇ ತಿಳಿದದ್ದು. ಅಲ್ಲಿಯ ದವಾಖಾನೆಯ ಡಾಕ್ಟರ್ ಭಟ್ಟಿಗೆ ಒಮ್ಮೆ ಹಂಚು ನೋಡಲು ಬಂದಾಗ ಹೆದರುತ್ತ ಕೇಳಿದೆ. ಅವರು ಹಂಚು ಬಿಟ್ಟು ನನ್ನನ್ನೇ ನೋಡಿದರು. ಉಪ್ಪು ಸ್ವಲ್ಪ ಹೆಚ್ಚಾದರೆ ಹಾಗೆ ಥಂಡಿ ಬರುವುದಿಲ್ಲ, ಅದು ಹಳೆಯ ನೀರಿನ ಕೆಲಸ ಎಂದರು. ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಜಂತು ಹುಟ್ಟುತ್ತವೆ. ಆಮೇಲೆ ಬೇಯಿಸಿದರೆ ಜಂತು ಸಾಯುತ್ತವೆ ಖರೆ, ಆದರೆ ಅವುಗಳ ಹೊಲಸು ನೀರಿನಲ್ಲೇ ಉಳಿಯುತ್ತದೆ, ಅದು ರಕ್ತಕ್ಕೆ ಹೋದರೆ ನಡುಕ. ಇದು ಯಾವ ಕಂಪೌಂಡರನಿಗೂ ಗೊತ್ತಿರಬೇಕಾದದ್ದು ಎಂದೂ ಹೇಳಿದರು. ಅಂದರೆ ಅವನಿಗೆ ಗೊತ್ತಿತ್ತು. ಡಾಕ್ಟರ್ ಮೊದಲ ಪ್ರಶ್ನೆ ಕೇಳಿದಾಗಲೇ ಅವನಿಗೆ ಗೊತ್ತಿತ್ತು. ಅದಕ್ಕೇ ಬಾಟಲಿ ಸುರಿಸಿದ. ಆ ದಿನ ಮನೆಗೆ ಹೋಗಿ ಊಟ ಮಾಡದೆ ಮಲಗಿದೆ. ಭಟ್ಟಿಯ ಕಾವಿಗೆ ಹೀಗಾಗಿದೆ ಎಂದು ಹೆಂಡತಿ ಮಜ್ಜಿಗೆ ಮಾಡಿಕೊಟ್ಟಳು.

ಒಂದು ಸಲ ಅವನು ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮೈ ತುಂಬಿಕೊಂಡಿದ್ದ, ಕ್ಯಾಂಪಿನಲ್ಲಿ ಸ್ವಂತ ಔಷಧಿ ಅಂಗಡಿ ಇಟ್ಟಿದ್ದಾನಂತೆ. ಹೆಗಲ ಮೇಲೆ ಕೈ ಹಾಕಿ, "ಏನೋ ತಮ್ಮಾ, ಮರತೇ ಬಿಟ್ಟೆಲ್ಲೋ ನಮ್ಮನ್ನ" ಎಂದ. ಮಗಳ ಮದುವೆಗೆ ಕರೆಯಲಿಲ್ಲವೆಂದು ಸಿಟ್ಟೂ ಮಾಡಿಕೊಂಡ. ಚಹಾ ಕುಡಿಸಿದ. ನಾನು ಕುಡಿದೆ. ನನಗೆ ಆದದ್ದು ಅವನಿಗೆ ನೆನಪೇ ಇಲ್ಲ ಎಂಬುದು ಆ ಚಹಾ ಮುಗಿಯುವುದರೊಳಗೆ ತಿಳಿಯಿತು.

ಮಗಳನ್ನು ಖಾನಾಪುರದಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ ಕೊಟ್ಟಿದ್ದೆವು. ಅಳಿಯ ಒಳ್ಳೆಯವನು, ಲಾರಿಯ ಮೇಲೆ ಹೋದರೆ ಎಂಟು ದಿನ ಬರುವುದಿಲ್ಲ. ಬೀಗತಿ ಮಾತಿನವಳು, ಆದರೆ ಕೆಟ್ಟವಳಲ್ಲ. ವರ್ಷದೊಳಗೆ ಮೊಮ್ಮಗಳು ಹುಟ್ಟಿದಳು. ಅವಳು ಹುಟ್ಟಿದ ದಿನ ನಾನು ಭಟ್ಟಿಯಲ್ಲಿ ಹಂಚಿದ ಸಕ್ಕರೆಯಲ್ಲಿ ಅರ್ಧ ನೆಲಕ್ಕೆ ಬಿತ್ತು, ಅಷ್ಟು ಅವಸರ ನನಗೆ. ಕಿವಿ ನನ್ನದು, ಮೂಗು ನನ್ನ ಹೆಂಡತಿಯದು, ಅಳುವ ದನಿ ಬೀಗತಿಯದು. ದಿನಾ ಕೆಲಸ ಬಿಟ್ಟವನೇ ಕೈಕಾಲಿನ ಮಣ್ಣು ತೊಳೆದು ಆ ಮನೆಗೆ ಹೋಗುತ್ತಿದ್ದೆ. ನನ್ನನ್ನು ಕಂಡರೆ ಬಾಗಿಲ ತನಕ ಅಂಬೆಗಾಲಿಟ್ಟು ಬರುತ್ತಿದ್ದಳು. ಎಷ್ಟು ಬರೆದರೂ ಸಾಲದು, ಇರಲಿ.

ಅವಳಿಗೆ ಒಂದು ವರ್ಷ ತುಂಬಿದ ಮಳೆಗಾಲದಲ್ಲಿ ಮಲಪ್ರಭೆ ಕೆಂಪಗೆ ಹರಿಯತೊಡಗಿದಾಗ ಊರಲ್ಲಿ ಮನೆಮನೆಗೆ ವಾಂತಿ ಜುಲಾಬು ಹತ್ತಿತು. ಮೊಮ್ಮಗಳಿಗೂ ಹತ್ತಿತು. ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆ ಪರವೂರಿಗೆ ಹೋಗಿದ್ದಳು, ಅಳಿಯ ಲಾರಿಯ ಮೇಲೆ. ದವಾಖಾನೆಯ ನರ್ಸಬಾಯಿ ಮೊದಲ ದಿನವೇ ಒಂದು ಪುಡಿಯ ಪಾಕೀಟು ಕೊಟ್ಟು, ಒಂದು ಲೀಟರ್ ನೀರಿಗೆ ಹಾಕಿ ಚಮಚ ಚಮಚ ಕುಡಿಸಿರಿ ಎಂದು ಹೇಳಿದ್ದರು. ಆ ಪಾಕೀಟಿನಲ್ಲಿ ಏನಿದೆ ಎಂದು ನಾನು ಕೇಳಿ ತಿಳಿದುಕೊಂಡಿದ್ದೆ. ಉಪ್ಪು, ಸೋಡಾ, ಪೊಟ್ಯಾಸಿಯಂ, ಗ್ಲುಕೋಸ್. ನಾಲ್ಕೂ ನನ್ನ ಹಳೆಯ ಪರಿಚಯದವು. ನಾವು ಸೂಜಿಯಿಂದ ರಕ್ತಕ್ಕೆ ಬಿಡುತ್ತಿದ್ದದ್ದನ್ನೇ ಹೆಚ್ಚೂಕಡಿಮೆ ಬಾಯಿಯಿಂದ ಕುಡಿಸುವುದು. ಗ್ಲುಕೋಸ್ ಯಾಕೆ ಎಂದಾಗ ನರ್ಸಬಾಯಿ, ಕೆಟ್ಟ ಹೊಟ್ಟೆ ಉಪ್ಪನ್ನು ಒಂಟಿಯಾಗಿ ಒಳಗೆ ಬಿಡುವುದಿಲ್ಲ, ಸಕ್ಕರೆ ಅದರ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ, ಉಪ್ಪು ಹೋದ ಕಡೆ ನೀರು ಹಿಂದೆಯೇ ಹೋಗುತ್ತದೆ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಭಟ್ಟಿಯಲ್ಲಿ ಎಲ್ಲರಿಗೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಉಪ್ಪಿನ ಮಾತು ನನ್ನ ಬಾಯಿಂದ ಬಂದಿತ್ತಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಹೋದಾಗ ಮಗು ಬಾಗಿಲಿಗೆ ಬರಲಿಲ್ಲ. ಚಾಪೆಯ ಮೇಲೆ ಹಳೆ ಸೀರೆಯಲ್ಲಿ ಮಲಗಿತ್ತು. ಕಣ್ಣು ಗುಳಿ ಬಿದ್ದಿದ್ದವು, ನೆತ್ತಿಯ ಮೆತ್ತಗಿನ ಜಾಗ ತಗ್ಗಾಗಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಇಂಥ ಮುಖಗಳನ್ನು ನಾನು ಆಸ್ಪತ್ರೆಯಲ್ಲಿ ಎಷ್ಟೋ ನೋಡಿದ್ದೆ. ಎಷ್ಟು ಹೊತ್ತು ಉಳಿದಿದೆ ಎಂಬ ಅಂದಾಜು ನನಗಿತ್ತು. ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ನಿನ್ನೆ ಸಂಜೆಯಿಂದ ಇಲ್ಲ ಎಂದಳು ಮಗಳು.

ಪಾಕೀಟಿನ ನೀರು ನಿನ್ನೆಯೇ ಮುಗಿದಿತ್ತು. ಕುಡಿಸಿದರೆ ಇನ್ನೂ ಹೋಗುತ್ತದೆ, ಒಣಗಲಿ ಎಂದು ಬೀಗತಿ ಆಮೇಲೆ ಹನಿ ನೀರೂ ಬಿಟ್ಟಿರಲಿಲ್ಲ. ನಾನು ದವಾಖಾನೆಗೆ ಓಡಿದೆ. ಡಾಕ್ಟರೂ ಜೀಪೂ ಹಳ್ಳಿಗಳ ಕಡೆ ಹೋಗಿದ್ದರು, ಪಾಕೀಟು ತೀರಿದ್ದವು, ಸಂಜೆಗೆ ಬೆಳಗಾವಿಯಿಂದ ಬರಬೇಕಿತ್ತು. ನರ್ಸಬಾಯಿ, ಸಂಜೆಯವರೆಗೆ ಕಾಯಬೇಡಿರಿ, ಮನೆಯಲ್ಲೇ ಮಾಡಿರಿ ಎಂದರು. ಕುದಿಸಿ ಆರಿಸಿದ ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಪುಡಿ ಉಪ್ಪು. ಚಹಾದ ಚಮಚ, ಮೇಲೆ ಗುಡ್ಡೆ ಬರದಂತೆ ಬೆರಳಿನಿಂದ ಸವರಿದ್ದು. ಮಾಡಿದ ಮೇಲೆ ನಾಲಿಗೆಗೆ ಹಚ್ಚಿ ನೋಡಿರಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿರಿ ಎಂದು ಎರಡೆರಡು ಸಲ ಹೇಳಿ, ಹಾಲಿನ ಲೀಟರ್ ಮಾಪು ಒಂದನ್ನು ಕೈಯಲ್ಲಿ ಕೊಟ್ಟರು. ಸಂಜೆಯೊಳಗೆ ಉಚ್ಚೆ ಆಗದಿದ್ದರೆ ಹೇಗಾದರೂ ಬೆಳಗಾವಿಗೆ ಒಯ್ಯಿರಿ ಎಂದರು.

ವಾಪಸು ಬಂದವನೇ ಅಡುಗೆಮನೆಗೆ ಹೋದೆ. ಆರಿಸಿದ ನೀರು ಇತ್ತು. ಮಾಪಿನಿಂದ ಅಳೆದೆ, ಸಕ್ಕರೆ ಹಾಕಿದೆ. ಉಪ್ಪಿನ ಡಬ್ಬಿಗೆ ಕೈ ನೀಡಿದಾಗ ಬೀಗತಿ ಅಡ್ಡ ಬಂದಳು.

"ಬೀಗರ, ನಿಮಗ ಕೈ ಮುಗೀತೀನಿ, ಯಾರಾದ್ರೂ ಮಾಡ್ಲಿ, ನೀವ ಮಾತ್ರ ಬ್ಯಾಡ. ಊರಾಗ ಸಾರಿಗೇ ನಿಮ್ಮ ಕೈಲೆ ಉಪ್ಪು ಹಾಕಸೂದಿಲ್ಲ. ಇದು ಒಂದು ವರ್ಷದ ಕೂಸು."

ಅವಳ ಮಾತು ನನಗೆ ಹೊಸದಲ್ಲ, ಹತ್ತು ವರ್ಷ ಅದನ್ನೇ ಕೇಳಿದ್ದೆ. ನಾನು ಮಗಳ ಕಡೆ ನೋಡಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಒಂದು ಮಾತು ಹೇಳಿದರೆ ಸಾಕು, ನಮ್ಮಪ್ಪ ಹಾಗೆ ಮಾಡಿದವನಲ್ಲ ಎಂದರೆ ಸಾಕು. ಅವಳು ಬಂದು ಮಗುವನ್ನು ನನ್ನ ತೋಳಿಗೆ ಕೊಟ್ಟಳು. ನನ್ನ ಮುಖ ನೋಡದೆ ಹೇಳಿದಳು.

"ಎಪ್ಪಾ, ನೀ ಬಾಯಿಲೆ ಹೇಳು, ನಾ ಹಾಕ್ತೀನಿ. ನೀ ಉಪ್ಪಿನ ಡಬ್ಬಿ ಮುಟ್ಟಬ್ಯಾಡ."

ಕಂಪೌಂಡರನ ಕಾಗದ ಓದಿ ಹೇಳಿದ ದಿನ ನಾನು ನಿಂತೇ ಕೇಳಿದ್ದೆ. ಈಗ ಗೋಡೆಗೆ ಒರಗಿ ಕೂತುಬಿಟ್ಟೆ. ಅವನು ಹೊರಗಿನವ. ಇವಳು ನನ್ನ ಹೆಗಲ ಮೇಲೆ ಕೂತು ಬೆಳೆದವಳು. ನಾನು ಊರಿಗೆಲ್ಲ ವಿವರಿಸಿದಾಗ ಇವಳಿಗೊಬ್ಬಳಿಗೆ ವಿವರಿಸಿರಲಿಲ್ಲ, ಬೇಕಾಗಿಲ್ಲ ಎಂದುಕೊಂಡಿದ್ದೆ. ಹತ್ತು ವರ್ಷ ಈ ಮಾತು ನನ್ನ ಮನೆಯಲ್ಲೇ, ನನ್ನ ತಾಟಿನ ಪಕ್ಕದಲ್ಲೇ ಊಟ ಮಾಡುತ್ತಿತ್ತು. ನನಗೆ ಕಂಡಿರಲಿಲ್ಲ. ಆದರೆ ತೋಳಿನಲ್ಲಿದ್ದ ಮಗು ಹತ್ತಿಯಷ್ಟು ಹಗುರವಾಗಿತ್ತು, ಅದಕ್ಕೆ ನನ್ನ ಸಂಕಟದಿಂದ ಏನೂ ಆಗಬೇಕಾಗಿರಲಿಲ್ಲ. ನಾನು ಅಳತೆ ಹೇಳಿದೆ.

ನಮ್ಮ ಕಡೆ ಮನೆಗಳಲ್ಲಿ ಹರಳುಪ್ಪು. ಅವಳು ಒಳಕಲ್ಲಿನಲ್ಲಿ ಕುಟ್ಟಿದಳು. ಅವಸರಕ್ಕೆ ಚಮಚ ತುಂಬಿ ಗುಡ್ಡೆಯಾಗಿಯೇ ಹಾಕಿಬಿಟ್ಟಳು, ಕಲಸಿಯೂ ಬಿಟ್ಟಳು. ಅದು ಹೆಚ್ಚಾಯಿತು, ಚೆಲ್ಲು ಎಂದೆ. ಇದ್ದ ಸಕ್ಕರೆಯೆಲ್ಲ ಹೀಗೆ ಚೆಲ್ಲಿಸುತ್ತಾರೆ, ಕುಡಿಸುವುದಕ್ಕೂ ಬಿಡುವುದಿಲ್ಲ ಎಂದು ಬೀಗತಿ ಗೊಣಗಿದಳು. ಮಗಳು ಚಮಚವನ್ನು ಮಗುವಿನ ಬಾಯಿಯ ಹತ್ತಿರ ತಂದಳು. ನಾನು ಮಗುವಿನ ತುಟಿಗೆ ಅಂಗೈ ಅಡ್ಡ ಹಿಡಿದೆ.

"ನನ್ನ ನಂಬಬ್ಯಾಡ, ತಂಗೀ. ಮೊದಲ ನಿನ್ನ ಕಣ್ಣೀರ ನೆಕ್ಕು. ಆಮ್ಯಾಲ ಆ ನೀರ ನೆಕ್ಕು. ಯಾವುದು ಹೆಚ್ಚ ಉಪ್ಪು, ನೀನ ಹೇಳು."

ಅವಳ ಗಲ್ಲದ ಮೇಲೆ ಕಣ್ಣೀರು ಮಧ್ಯಾಹ್ನದಿಂದ ಇಳಿಯುತ್ತಲೇ ಇತ್ತು. ತುಟಿಯ ಅಂಚಿಗೆ ಬಂದದ್ದನ್ನು ನಾಲಿಗೆಯಿಂದ ಮುಟ್ಟಿದಳು. ಆಮೇಲೆ ಚಮಚದ ನೀರು. ಮುಖ ಕಿವುಚಿಕೊಂಡಳು. ಎದ್ದು ಹೋಗಿ ಪಾತ್ರೆಯ ನೀರನ್ನೆಲ್ಲ ಹಿತ್ತಲಿಗೆ ಚೆಲ್ಲಿದಳು. ಬೀಗತಿಯೂ ಬೆರಳು ಅದ್ದಿ ನೋಡಿದ್ದಳು. ಪಕ್ಕದ ಮನೆಗೆ ಹೋಗಿ ಒಂದು ವಾಟಿ ಸಕ್ಕರೆ ತಂದಳು.

ಎರಡನೆಯ ಸಲ ಮಗಳು ಸರಿಯಾಗಿ ಅಳೆದಳು, ಬೆರಳಿನಿಂದ ಸವರಿ, ಅರ್ಧ ಚಮಚ. ನಾನು ಕುಡಿಸತೊಡಗಿದೆ. ಮೊದಲ ಚಮಚಗಳು ವಾಂತಿಯಾದವು. ಸ್ವಲ್ಪ ತಡೆದು ಮತ್ತೆ ಶುರು ಮಾಡಿದೆ. ಒಂದು ಚಮಚ, ಮನಸ್ಸಿನಲ್ಲೇ ಅರವತ್ತರ ತನಕ ಎಣಿಸುವುದು, ಇನ್ನೊಂದು ಚಮಚ. ಅವಸರ ಮಾಡಿದರೆ ಹೊಟ್ಟೆ ತಿರುಗಿ ಒದೆಯುತ್ತದೆ. ಸಲಾಯಿನ್ ಬಾಟಲಿ ಹನಿಹನಿಯಾಗಿ ಇಳಿಯುವುದನ್ನು ವರ್ಷಗಟ್ಟಲೆ ನೋಡಿದ್ದ ನನಗೆ ಆ ತಾಳ್ಮೆ ಇತ್ತು. ಮಗಳು ಎದುರಿಗೆ ಕೂತಿದ್ದಳು. ಬೀಗತಿ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಮಳೆ ಬಂದು ಹೋಯಿತು, ಮತ್ತೆ ಬಂತು. ಯಾವಾಗಲೋ ಮಗು ಚಮಚವನ್ನು ತಾನೇ ತುಟಿಯಿಂದ ಹಿಡಿಯತೊಡಗಿತು. ತಡವಾದರೆ ಸಿಟ್ಟಿನಿಂದ ಕೈ ಆಡಿಸಿತು. ಆ ಸಿಟ್ಟು ಕಂಡು ನನಗೆ ನಗು ಬಂತು.

ದನ ಮನೆಗೆ ಬರುವ ಹೊತ್ತಿಗೆ ನನ್ನ ತೊಡೆ ಬೆಚ್ಚಗಾಯಿತು. ಮೊದಲು ತಿಳಿಯಲಿಲ್ಲ. ಆಮೇಲೆ ಧೋತರ ಮುಟ್ಟಿ ನೋಡಿಕೊಂಡೆ. ಮೊಮ್ಮಗಳು ನನ್ನ ಮೇಲೆ ಉಚ್ಚೆ ಹೊಯ್ದಿದ್ದಳು, ಧಾರಾಳವಾಗಿ, ಮೊಣಕಾಲಿನ ತನಕ. ಆ ಬಿಸಿಯನ್ನು ಹೇಗೆ ಹೇಳಲಿ? ಈ ಕೈ ಎಷ್ಟೋ ಸಾವಿರ ಬಾಟಲಿ ತುಂಬಿತ್ತು, ಯಾವ ಬಾಟಲಿಯ ನೀರು ಯಾರ ಮೈಗೆ ಹೋಗಿ ಏನಾಯಿತು ಎಂದು ಒಮ್ಮೆಯೂ ಕಂಡಿರಲಿಲ್ಲ. ಈಗ ನನ್ನ ಧೋತರದ ಮೇಲೆ ಕಂಡಿತು. "ಹೊಯ್ದಾಳ್ರೀ, ಹೊಯ್ದಾಳ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಬೀಗತಿ ಓಡಿ ಬಂದು ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಳು.

ಬೀಗತಿ ದೀಪ ಹಚ್ಚಲು ಹೋದಾಗ ಮಗಳು ನನ್ನ ಬಾಜು ಸರಿದು ಕೂತಳು. ಮಗುವಿನ ಕಾಲನ್ನು ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಕೇಳಿದಳು.

"ಎಪ್ಪಾ, ಖರೇ ಹೇಳು. ಅವತ್ತ ದವಾಖಾನ್ಯಾಗ ಉಪ್ಪು ನೀ ತಪ್ಪಿಸಿದ್ಯಾ?"

ಹೇಳಿದೆ. ಎಲ್ಲವನ್ನೂ ಅಲ್ಲ, ಮೂರು ಮಾತಿನಲ್ಲಿ. ಉಪ್ಪು ಸರಿ ಇತ್ತು, ನೀರು ಹಿಂದಿನ ದಿನದ್ದಿತ್ತು, ಕಾಗದ ನನಗೆ ಓದಲು ಬರಲಿಲ್ಲ. ಅವಳ ಕೈ ನಿಂತಿತು. ಹಾಗಾದರೆ ಇಷ್ಟು ವರ್ಷ ತನಗೆ ಯಾಕೆ ಹೇಳಲಿಲ್ಲ, ಕಾಕಾ ಹೇಳಿದ್ದೇ ಖರೆ ಎಂದು ತಾನು ತಿಳಿದಿದ್ದೆನಲ್ಲ ಎಂದಳು. ಕಂಪೌಂಡರ್ ಅವಳಿಗೂ ಹೇಳಿದ್ದನಂತೆ, ನಾವು ಚಾಳು ಬಿಡುವ ದಿನ, ಪೆಪ್ಪರ್‌ಮಿಂಟ್ ಕೊಡುತ್ತ, ನಿಮ್ಮಪ್ಪನಿಗೆ ಬೈಯಬೇಡ, ಪಾಪ ಕೈ ತಪ್ಪಿತು ಎಂದು. ಒಂಬತ್ತು ವರ್ಷದ ಹುಡುಗಿಗೆ.

"ನೀ ಕೇಳಲಿಲ್ಲ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಬೀಗತಿ ಪಾತ್ರೆ ತಂದು ನನ್ನ ಮುಂದಿಟ್ಟಳು. ಅದರಲ್ಲಿ ತಳ ಕಾಣುತ್ತಿತ್ತು. ಪಕ್ಕದಲ್ಲಿ ಸಕ್ಕರೆಯ ವಾಟಿ, ಅದರ ಪಕ್ಕದಲ್ಲಿ ಉಪ್ಪಿನ ಡಬ್ಬಿ, ಮುಚ್ಚಳ ತೆಗೆದದ್ದು. ಇನ್ನು ಮುಂದಿನದನ್ನು ಬೀಗರೇ ಮಾಡಲಿ ಎಂದಳು, ನೆಲ ನೋಡುತ್ತ. ಮಗಳು ಡಬ್ಬಿಯನ್ನು ಇನ್ನೂ ಒಂದು ಗೇಣು ನನ್ನ ಕಡೆ ಸರಿಸಿದಳು.

ಹತ್ತು ವರ್ಷ ನಾನು ಕಾದದ್ದು ಅದಕ್ಕೇ. ಆದರೂ ಕೈ ಏಳಲಿಲ್ಲ. ಮಗು ಮಲಗಿದೆ, ಅಲ್ಲಾಡಿದರೆ ಎಚ್ಚರಾಗುತ್ತದೆ, ನೀನೇ ಕಲಸು, ಈಗ ನಿನಗೆ ಅಳತೆ ಗೊತ್ತಲ್ಲ ಎಂದೆ. ಅದು ಅರ್ಧ ಖರೆ. ಮಗು ಮಲಗಿತ್ತು. ಮುಟ್ಟಬೇಡ ಎಂದ ಅವಳ ಮಾತು ಇನ್ನೂ ನನ್ನ ಕೈ ಹಿಡಿದಿತ್ತು, ಆ ಉಳಿದ ಅರ್ಧವನ್ನು ಮಗಳು ತಿಳಿದುಕೊಂಡಳು. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು, ಹಿಂದೆಯೇ ಒಳಕಲ್ಲಿನ ಸಪ್ಪಳ ಕೇಳಿಸಿತು. ನಾನು ಒದ್ದೆ ಧೋತರದಲ್ಲೇ ಕೂತಿದ್ದೆ, ಮೊಮ್ಮಗಳ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತ.